ಒಂದು ಕೆಲಸದ ಚೀಟಿಯ ಸುತ್ತ

ನಮ್ಮ ವಚನ ಬಳಗ ಪ್ರತಿ ಸೋಮವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತದೆ. ಇಪ್ಪತ್ತೆರಡು ಮಂದಿ ಹೆಂಗಸರು. ಹೆಚ್ಚಿನವರು ನನ್ನಂತೆ ನಿವೃತ್ತ ಶಿಕ್ಷಕಿಯರು, ಕೆಲವರು ಬ್ಯಾಂಕುಗಳಲ್ಲಿ ದುಡಿದವರು, ಉಳಿದವರು ಗೃಹಿಣಿಯರು. 2021ರ ಅಕ್ಟೋಬರಿನ ಒಂದು ಸೋಮವಾರ ಸರದಿ ನನ್ನ ಮನೆಯದಾಗಿತ್ತು, ಮಾತನಾಡುವ ಸರದಿಯೂ ನನ್ನದೇ. ಶಿಕಾರಿಪುರ ಸೀಮೆಯ ಹಿರೇಜಂಬೂರಿನ ಸತ್ಯಕ್ಕನ ವಚನಗಳನ್ನು ಎತ್ತಿಕೊಂಡಿದ್ದೆ. ಶರಣರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡು, ಆ ಕಾಯಕದ ಬಲದಿಂದಲೇ ತನ್ನ ದೈವವನ್ನು ತಲೆಯೆತ್ತಿ ಮಾತನಾಡಿಸಿದ ಹೆಂಗಸು ಆಕೆ. ಪೊರಕೆ ಹಿಡಿದ ಕೈಗೆ ಹನ್ನೆರಡನೆಯ ಶತಮಾನದಲ್ಲಿ ಸಿಕ್ಕ ಗೌರವವನ್ನು ಕುರಿತು ನಾನು ಅರ್ಧ ಗಂಟೆ ಮಾತನಾಡಿದೆ. ಆ ಅರ್ಧ ಗಂಟೆಯೂ ನನ್ನ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಕಸ, ಮುಸುರೆ ಮಾಡುತ್ತಿದ್ದಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದರು. ಮಗನ ಕಾಲೇಜು ಫೀಸಿಗೆ ಮುಂಗಡ ಕೇಳಬೇಕೆಂದು ಅವರು ಕಾಯುತ್ತಿದ್ದರೆಂದು ನನಗೆ ಗೊತ್ತಾದದ್ದು ಮಾರನೆಯ ದಿನ. ಅಂದು ನಾನು ಮಾತಿನ ನಡುವೆ ಕೈಸನ್ನೆಯಿಂದಲೇ, ‘ನಾಳೆ ನೋಡೋಣ’ ಎಂದು ಅವರನ್ನು ಕಳುಹಿಸಿಬಿಟ್ಟಿದ್ದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮನೆಗೆಲಸದವರಿಗಾಗಿ ಕಾನೂನು ಬರಬೇಕೆಂದು ಮುಂದಿನ ನಾಲ್ಕು ವರ್ಷಗಳಲ್ಲಿ ನಾವು ಮಾಡಿದ ಓಡಾಟ, ಬರೆದ ಪತ್ರ, ನಡೆಸಿದ ಸಭೆ ಇವೆಲ್ಲಕ್ಕೂ ಆ ಬಾಗಿಲೇ ಅಳತೆಗೋಲಾಯಿತು. ಅನ್ಯಾಯವನ್ನು ದೂರದ ಯಾರೋ ಮಾಡುತ್ತಿದ್ದಾರೆ, ನಾವು ಸೇವೆ ಮಾಡುವವರು ಎಂಬ ಭಾವದಿಂದ ಹೊರಟ ಧಾರ್ಮಿಕ ಬಳಗಗಳು ಈ ವಿಷಯದಲ್ಲಿ ಎಷ್ಟು ದೂರ ಹೋಗಬಲ್ಲವು ಎಂಬ ಸಂದೇಹ ನನಗೆ ಇಂದಿಗೂ ಇದೆ. ಏಕೆಂದರೆ ಇಲ್ಲಿ ಮಾಲೀಕರು ನಾವೇ.

ಆ ವಾರವೇ ನಮ್ಮ ಬಡಾವಣೆಯ ಚರ್ಚಿಗೆ ಸೇರಿದ ಒಬ್ಬ ಸಿಸ್ಟರ್ ಮನೆಗೆ ಬಂದರು. ಕೇಂದ್ರ ಸರ್ಕಾರ 2021ರ ಆಗಸ್ಟ್ 26ರಂದು ಇ-ಶ್ರಮ್ ಪೋರ್ಟಲ್ ಆರಂಭಿಸಿತ್ತು. ಅಸಂಘಟಿತ ಕಾರ್ಮಿಕರು ಆಧಾರ್ ಮೂಲಕ ಅಲ್ಲಿ ಹೆಸರು ನೋಂದಾಯಿಸಿ ಹನ್ನೆರಡು ಅಂಕಿಗಳ ಗುರುತಿನ ಸಂಖ್ಯೆ ಪಡೆಯಬಹುದಾಗಿತ್ತು. ‘ಟೀಚರ್, ನಿಮ್ಮ ಬಳಗದಲ್ಲಿ ಕಂಪ್ಯೂಟರ್ ಬಲ್ಲವರು ನಾಲ್ಕು ಜನ ಇದ್ದರೆ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಾಲಿಗೆ ಕಳುಹಿಸಿ. ಹೆಂಗಸರು ಸಾಲುಗಟ್ಟಿ ನಿಲ್ಲುತ್ತಾರೆ, ನಮ್ಮ ಕೈ ಸಾಲುವುದಿಲ್ಲ’ ಎಂದರು. ಲಾಕ್‌ಡೌನಿನಲ್ಲಿ ಮನೆಗೆಲಸದವರನ್ನು ಅಪಾರ್ಟ್‌ಮೆಂಟುಗಳ ಗೇಟಿನಲ್ಲೇ ತಡೆದದ್ದು, ತಿಂಗಳುಗಟ್ಟಲೆ ಸಂಬಳವಿಲ್ಲದೆ ಅವರು ಒದ್ದಾಡಿದ್ದು ಇನ್ನೂ ಹಸಿಯಾಗಿದ್ದ ಕಾಲ ಅದು. ನಾವು ಐದು ಜನ ಹೋದೆವು.

ಅರ್ಜಿ ತುಂಬುವುದು ಸುಲಭದ ಕೆಲಸವೆಂದು ಭಾವಿಸಿದ್ದೆ. ಮೊದಲ ಭಾನುವಾರವೇ ಅದರ ಕಷ್ಟ ತಿಳಿಯಿತು. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಬರುವ ಒಟಿಪಿ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆದರೆ ಆ ಸಂಖ್ಯೆ ಗಂಡನದ್ದೋ ಮಗನದ್ದೋ ಆಗಿರುತ್ತದೆ, ಅವನು ಆ ಹೊತ್ತಿಗೆ ಆಟೋ ಓಡಿಸುತ್ತಿರುತ್ತಾನೆ, ಇಲ್ಲವೇ ಆ ಸಿಮ್ ಯಾವಾಗಲೋ ಕಳೆದುಹೋಗಿರುತ್ತದೆ. ಒಟಿಪಿ ಬೇಡವೆಂದು ಸೇವಾ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ಕೊಡಿಸಹೋದರೆ ಯಂತ್ರ ಒಪ್ಪುವುದಿಲ್ಲ. ಹದಿನೈದು, ಇಪ್ಪತ್ತು ವರ್ಷ ಸೋಪಿನ ಪುಡಿ, ಫಿನಾಯಿಲು, ಪಾತ್ರೆ ಉಜ್ಜುವ ತಂತಿಯ ಗುಂಜಿಗೆ ಸವೆದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಒಬ್ಬಾಕೆ ಹತ್ತೂ ಬೆರಳುಗಳನ್ನು ಒಂದೊಂದಾಗಿ ಇಟ್ಟು, ಒಂದೂ ಹೊಂದದೆ, ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡು ಸುಮ್ಮನೆ ಕುಳಿತುಬಿಟ್ಟರು. ಅರವತ್ತು ದಾಟಿದವರನ್ನು ನಾವೇ ಹಿಂದಕ್ಕೆ ಕಳುಹಿಸಬೇಕಾಗುತ್ತಿತ್ತು, ಏಕೆಂದರೆ ನೋಂದಣಿಗೆ ಇದ್ದ ವಯೋಮಿತಿ 16ರಿಂದ 59. ಅರವತ್ತನಾಲ್ಕರ ಅಜ್ಜಿಯೊಬ್ಬರು, ‘ನಾನು ಮೂರು ಮನೆ ಕೆಲಸ ಮಾಡುತ್ತೇನಮ್ಮ, ಮತ್ತೆ ಹೇಗೆ ಕೆಲಸದವಳಲ್ಲ?’ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಶಿಬಿರ ಒಂದು ಭಾನುವಾರಕ್ಕೆ ಮುಗಿಯಲಿಲ್ಲ. ಚರ್ಚಿನ ಹಾಲಿಗೆ ಬರಲು ಹಿಂಜರಿಯುತ್ತಿದ್ದ ಮುಸ್ಲಿಂ ಹೆಣ್ಣುಮಕ್ಕಳಿಗಾಗಿ ಪಕ್ಕದ ಮಸೀದಿಯವರು ಮದರಸಾದ ಒಂದು ಕೋಣೆಯನ್ನು ಬಿಟ್ಟುಕೊಟ್ಟರು. ಅಲ್ಲಿ ಉರ್ದು ಬಲ್ಲ ಇಬ್ಬರು ಕಾಲೇಜು ಹುಡುಗಿಯರು ನಮ್ಮ ಜೊತೆ ಸೇರಿಕೊಂಡರು. ಮೂರು ಕಡೆಯವರೂ ಹೀಗೆ ಒಂದಾದದ್ದು ಯಾವ ಸರ್ವಧರ್ಮ ಸಮ್ಮೇಳನದ ಉತ್ಸಾಹದಿಂದಲೂ ಅಲ್ಲ, ಲ್ಯಾಪ್‌ಟಾಪುಗಳು ಸಾಲದೆ ಬಂದದ್ದರಿಂದ. ಅದೇ ಒಳ್ಳೆಯದಾಯಿತೆಂದು ಈಗ ಅನ್ನಿಸುತ್ತದೆ. ವೇದಿಕೆಯ ಮೇಲೆ ಪರಸ್ಪರ ಹಾರ ಹಾಕಿಕೊಂಡವರಿಗಿಂತ ಒಂದೇ ಮೇಜಿನ ಮುಂದೆ ಕುಳಿತು ಒಟಿಪಿಗಾಗಿ ಕಾದವರಲ್ಲಿ ಸಲುಗೆ ಬೇಗ ಬೆಳೆಯುತ್ತದೆ.

ಕಾನೂನಿನ ಕಡೆಗೆ ನಮ್ಮನ್ನು ತಿರುಗಿಸಿದ್ದು ಆ ಅರ್ಜಿಗಳೇ. ಉದ್ಯೋಗ, ಆದಾಯ, ಕೆಲಸ ಮಾಡುವ ಸ್ಥಳ ಎಂಬ ಖಾನೆಗಳು ಬಂದಾಗ ಹೆಂಗಸರು ಅಳುಕುತ್ತಿದ್ದರು. ‘ಅಮ್ಮನವರ ಹೆಸರು ಬರೆಯಬೇಡಿ, ಗೊತ್ತಾದರೆ ಕೆಲಸದಿಂದ ಬಿಡಿಸುತ್ತಾರೆ’ ಎಂದು ಒಬ್ಬರಲ್ಲ, ಹತ್ತು ಜನ ಹೇಳಿದರು. ಯಾವ ಮನೆಯಲ್ಲೂ ಯಾರೂ ಕೆಲಸಕ್ಕೆ ಇಟ್ಟುಕೊಂಡ ಗುರುತಿಲ್ಲ, ಕೊಟ್ಟ ಸಂಬಳಕ್ಕೆ ದಾಖಲೆಯಿಲ್ಲ, ಬಿಡಿಸಿದ್ದಕ್ಕೆ ಸಾಕ್ಷಿಯಿಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ದೇಶದಲ್ಲಿ ಎಲ್ಲರಿಗಿಂತ ಮೊದಲು ನಿಗದಿಪಡಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂದು, ಅದು ನಡೆದದ್ದು 2004ರಲ್ಲಿ ಎಂದು ಸಿಸ್ಟರ್ ಹೇಳಿದಾಗ ನನಗೆ ನಾಚಿಕೆಯಾಯಿತು. ಆ ಹದಿನೇಳು ವರ್ಷಗಳ ಉದ್ದಕ್ಕೂ ನನ್ನ ಮನೆಯಲ್ಲಿ ಯಾರಾದರೊಬ್ಬರು ಕೆಲಸ ಮಾಡಿದ್ದರು. ಅಂಥದ್ದೊಂದು ದರವಿದೆಯೆಂದು ನಾನು ಕೇಳಿಯೂ ಇರಲಿಲ್ಲ, ಅವರೂ ಕೇಳಿರಲಿಲ್ಲ. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ, ಅದರಡಿ ರಾಜ್ಯದಲ್ಲಿ ರಚನೆಯಾದ ಮಂಡಳಿ, ಹಮಾಲರು, ಅಗಸರು, ಕ್ಷೌರಿಕರು, ಚಿಂದಿ ಆಯುವವರ ಜೊತೆ ಗೃಹ ಕಾರ್ಮಿಕರಿಗೂ ಗುರುತಿನ ಚೀಟಿ ಕೊಡುವ ಅಂಬೇಡ್ಕರ್ ಸಹಾಯ ಹಸ್ತ ಯೋಜನೆ, ಇವೆಲ್ಲ ಕಾಗದದ ಮೇಲಿದ್ದವು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಯನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ಮನೆಗೆಲಸದಾಕೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಶಿಬಿರಕ್ಕೆ ಬಂದವರಲ್ಲಿ ಆ ಸಮಿತಿಯ ಹೆಸರು ಕೇಳಿದ್ದವರು ಒಬ್ಬರೂ ಇರಲಿಲ್ಲ.

2022ರ ಜೂನ್ 16ರಂದು ಮೂರೂ ಕಡೆಯ ಸ್ವಯಂಸೇವಕರು ಚರ್ಚಿನ ಹಾಲಿನಲ್ಲಿ ಸಭೆ ಸೇರಿದೆವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಅದೇ ದಿನ ಗೃಹ ಕಾರ್ಮಿಕರ ಕುರಿತ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಭಾರತ ಅದರ ಪರವಾಗಿ ಮತ ಹಾಕಿತಾದರೂ ಈವರೆಗೆ ಅನುಮೋದಿಸಿಲ್ಲ. ಗೃಹ ಕಾರ್ಮಿಕರ ಯೂನಿಯನ್ನಿನ ಒಬ್ಬ ಹಿರಿಯ ಕಾರ್ಯಕರ್ತೆಯನ್ನು ಸಿಸ್ಟರ್ ಕರೆಸಿದ್ದರು. ನಾವು ಮನವಿಪತ್ರ ಬರೆಯುವ, ಸಹಿ ಸಂಗ್ರಹಿಸುವ, ಸ್ವಾಮೀಜಿಯವರನ್ನೂ ಬಿಷಪ್‌ರನ್ನೂ ಮೌಲಾನಾರನ್ನೂ ಒಂದೇ ವೇದಿಕೆಗೆ ಕರೆತರುವ ಮಾತನ್ನೆಲ್ಲ ಆಡುತ್ತಿದ್ದೆವು. ಆಕೆ ಕೊನೆಯವರೆಗೂ ಕೇಳಿ, ‘ಅಕ್ಕಾ, ಇಪ್ಪತ್ತು ವರ್ಷದಿಂದ ನಾವು ರಸ್ತೆಯಲ್ಲಿದ್ದೇವೆ. ನೀವು ಬಂದದ್ದು ಸಂತೋಷ. ಆದರೆ ನಮ್ಮ ಮುಂದೆ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಮತ್ತೆ ಒಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಕೆಲಸ ಮಾಡುವವಳಿಗೆ ವಾರಕ್ಕೊಂದು ರಜೆ ಇದೆಯಾ?’ ಎಂದು ಕೇಳಿದರು.

ಯಾರೂ ಮಾತನಾಡಲಿಲ್ಲ. ಆ ಹಾಲಿನಲ್ಲಿ ಒಂದು ವಿಶೇಷವಿತ್ತು. ಚರ್ಚಿನ ಸಭೆಯಲ್ಲಿ ಕೆಲಸ ಕೊಡುವವರೂ ಕೆಲಸ ಮಾಡುವವರೂ ಒಂದೇ ಬೆಂಚಿನ ಸಾಲಿನಲ್ಲಿ ಕೂರುತ್ತಾರೆ, ಒಂದೇ ಪ್ರಾರ್ಥನೆ ಹೇಳುತ್ತಾರೆ. ಮಸೀದಿಯ ಜಮಾತಿನಲ್ಲೂ ಹಾಗೆಯೇ. ನಮ್ಮ ವಚನ ಬಳಗದಲ್ಲಿ ಮಾತ್ರ ಕೆಲಸ ಮಾಡುವವರು ಒಬ್ಬರೂ ಇರಲಿಲ್ಲ. ಕೊಟ್ಟಣದ ಸೋಮಮ್ಮ ಅವರಿವರ ಮನೆಯ ಭತ್ತ ಕುಟ್ಟಿ ಬದುಕಿದವಳು, ಸತ್ಯಕ್ಕ ಅಂಗಳ ಗುಡಿಸಿದವಳು. ಅವರಿಬ್ಬರೂ ಈಗ ಬಂದರೆ ನಮ್ಮ ಸೋಮವಾರದ ಬಳಗದಲ್ಲಿ ಅವರಿಗೆ ಕುರ್ಚಿ ಇರುತ್ತಿತ್ತೇ ಎಂದು ಮುಂದಿನ ವಾರ ನಾನು ನಮ್ಮವರ ಮುಂದೆ ಕೇಳಿದೆ. ಅಂದು ಮಾತು ಬಹಳ ಬಿಗಡಾಯಿಸಿತು, ಇಬ್ಬರು ಗೆಳತಿಯರು ಬಳಗಕ್ಕೆ ಬರುವುದನ್ನು ನಿಲ್ಲಿಸಿದರು. ಒಬ್ಬರು ಒಂದು ವರ್ಷದ ಮೇಲೆ ಮತ್ತೆ ಬಂದರು.

ಉಳಿದವರು ಒಂದು ನಿರ್ಧಾರಕ್ಕೆ ಬಂದೆವು. ಸರ್ಕಾರದಿಂದ ಕೇಳಬೇಕೆಂದಿರುವ ಕಾನೂನನ್ನು ಮೊದಲು ನಮ್ಮ ಮನೆಗಳಲ್ಲಿ ಆರು ತಿಂಗಳು ನಡೆಸಿ ನೋಡುವುದು. ಅದರಲ್ಲಿ ಎಲ್ಲಿ ತೊಡಕು ಬರುತ್ತದೆ, ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ಬರೆದಿಡುವುದು. ಹಾಗೆ ಹುಟ್ಟಿದ್ದು ಕೆಲಸದ ಚೀಟಿ. ಒಂದೇ ಪುಟ: ಮಾಡಬೇಕಾದ ಕೆಲಸಗಳು, ಬರುವ ಮತ್ತು ಹೋಗುವ ಹೊತ್ತು, ಸಂಬಳ, ಅದನ್ನು ಕೊಡುವ ತಾರೀಖು, ವಾರದ ರಜೆ, ಹಬ್ಬದ ರಜೆ, ಕಾಯಿಲೆಯ ರಜೆ, ಕೆಲಸ ಬಿಡಿಸುವುದಿದ್ದರೆ ಎಷ್ಟು ದಿನ ಮುಂಚೆ ಹೇಳಬೇಕು ಎಂಬುದು. ಎರಡು ಪ್ರತಿ, ಇಬ್ಬರ ಸಹಿ. ಕಾಗದವನ್ನು ಅವರಿಗೆ ಓದಿ ಹೇಳುವ ಕೆಲಸವನ್ನು ಅವರದೇ ಓಣಿಯಲ್ಲಿ ಓದು ಬಲ್ಲ ಹುಡುಗಿಯರಿಗೆ ವಹಿಸಿದೆವು. ಮಾಲೀಕರೇ ಓದಿ ಹೇಳಿದರೆ ಅವರು ‘ಆಯ್ತಮ್ಮ’ ಎಂದಷ್ಟೇ ಹೇಳುತ್ತಾರೆಂದು ಯೂನಿಯನ್ನಿನವರು ಎಚ್ಚರಿಸಿದ್ದರು.

ಅತಿ ಹೆಚ್ಚು ವಿರೋಧ ಬಂದದ್ದು ಸಂಬಳದ ವಿಷಯದಲ್ಲಿ ಅಲ್ಲ. ‘ನಾವು ಅವಳನ್ನು ಮನೆಯವಳ ಹಾಗೆ ನೋಡಿಕೊಳ್ಳುತ್ತೇವೆ, ನಮ್ಮ ನಡುವೆ ಕಾಗದ ಯಾಕೆ?’ ಎಂಬ ಮಾತೇ ಎಲ್ಲ ಕಡೆಯಿಂದಲೂ ಬಂತು. ವಚನ ಬಳಗದಲ್ಲಿ, ಚರ್ಚಿನ ಸಮಿತಿಯಲ್ಲಿ, ಮಸೀದಿಯ ಕಡೆಯ ಹೆಂಗಸರಲ್ಲಿ, ಬಹುಮಟ್ಟಿಗೆ ಅದೇ ಶಬ್ದಗಳಲ್ಲಿ. ಆ ಮಾತಿನಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಹಳೆಯ ಸೀರೆ, ಹಬ್ಬದ ಹೋಳಿಗೆ, ಮಗಳ ಮದುವೆಗೆ ಕೊಟ್ಟ ಹತ್ತು ಸಾವಿರ, ಇವೆಲ್ಲ ಮನಸ್ಸಿನಿಂದ ಕೊಟ್ಟವೇ. ಆದರೆ ಮನೆಯವಳಂತೆ ಎಂಬ ಆ ಅಕ್ಕರೆ ಇರುವಲ್ಲೇ ಬೇರೆ ಲೋಟವೂ ಇತ್ತು. ನನ್ನ ಮನೆಯಲ್ಲಿಯೂ ಇತ್ತು, ಸಿಂಕಿನ ಕೆಳಗಿನ ಗೂಡಿನಲ್ಲಿ, ಅಂಚು ನಗ್ಗಿದ ಒಂದು ಸ್ಟೀಲ್ ಲೋಟ. ಅದು ಯಾವಾಗ, ಯಾರ ಮಾತಿನಿಂದ ಅಲ್ಲಿಗೆ ಬಂತೆಂದು ನನಗೆ ನೆನಪಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಬಸವಣ್ಣನವರನ್ನು ಪಾಠ ಮಾಡಿದವಳ ಮನೆಯಲ್ಲಿ ಅದು ಇತ್ತು ಎಂಬುದಷ್ಟೇ ನಿಜ. ಚೀಟಿಯಲ್ಲಿ ಅದಕ್ಕೊಂದು ಖಾನೆ ಇರಲಿಲ್ಲ. ‘ಕುಡಿಯುವ ನೀರು, ಊಟತಿಂಡಿಯ ಪಾತ್ರೆ, ಶೌಚಾಲಯ ಮನೆಯವರು ಬಳಸುವುದೇ ಆಗಿರಬೇಕು’ ಎಂಬ ಸಾಲನ್ನು ಎರಡನೆಯ ಮುದ್ರಣಕ್ಕೆ ಸೇರಿಸಿದೆವು. ಆ ಸಾಲಿಗಾಗಿಯೇ ಚೀಟಿಗೆ ಸಹಿ ಹಾಕಲು ನಿರಾಕರಿಸಿದ ಮನೆಗಳಿದ್ದವು.

ಅವರ ಗ್ರಂಥವನ್ನು ಅವರ ಮುಂದಿಡುವುದೇ ಹಲವು ಕಡೆ ನಮಗೆ ದಾರಿಯಾಯಿತು. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿಯವರ ಮಾತನ್ನು ಮೌಲಾನಾ ಒಂದು ಶುಕ್ರವಾರದ ಪ್ರವಚನದಲ್ಲಿ ಎತ್ತಿಕೊಂಡು, ಮನೆಯೊಳಗೆ ದುಡಿಯುವ ಹೆಣ್ಣುಮಕ್ಕಳಿಗೂ ಅದು ಅನ್ವಯಿಸುತ್ತದೆಂದು ಬಿಡಿಸಿ ಹೇಳಿದರು. ತಡೆಹಿಡಿದ ಕೂಲಿ ದೇವರಿಗೆ ಕೂಗಿ ಮೊರೆಯಿಡುತ್ತದೆಂಬ ಯಾಕೋಬನ ಪತ್ರಿಕೆಯ ಭಾಗವನ್ನು ಚರ್ಚಿನಲ್ಲಿ ಓದಿದರು. ನಮ್ಮಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ಓದಿದೆವು. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಸುರಿದು ಬಾ ಎಂದ ಆಕೆಯ ಕಥೆಯನ್ನು ಇಷ್ಟು ದಿನ ಬಡವರ ನಿಸ್ಪೃಹತೆಯ ಪಾಠವಾಗಿ ಓದುತ್ತಿದ್ದ ನಾವು, ಅಂದು ಹೆಚ್ಚಿಗೆ ಇಟ್ಟುಕೊಂಡವರ ಕಡೆಯಿಂದ ಓದಿದೆವು. ಪ್ರವಚನ ಕೇಳಿದ ಎಲ್ಲರೂ ಬದಲಾದರೆಂದಲ್ಲ. ಆದರೆ ಹೊರಗಿನವರು ಬಂದು ಬೋಧಿಸಿದರೆ ಎದ್ದು ಹೋಗುತ್ತಿದ್ದವರು ಕೂತು ಕೇಳಿದರು.

ಆರು ತಿಂಗಳ ಕೊನೆಗೆ ಮೂರೂ ಕಡೆ ಸೇರಿ ಮೂವತ್ತೊಂದು ಮನೆಗಳ ಚೀಟಿಗಳು ನಮ್ಮ ಬಳಿ ಇದ್ದವು. ಅವುಗಳ ಹಿಂಬದಿಯಲ್ಲಿ ಬರೆದ ಟಿಪ್ಪಣಿಗಳಿಂದ ಕಲಿತಷ್ಟನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ. ಮನೆಯವರು ಮಗನನ್ನು ನೋಡಲು ಅಮೆರಿಕಕ್ಕೆ ಹೋದಾಗ ಎರಡು ತಿಂಗಳ ಸಂಬಳ ಯಾರು ಕೊಡಬೇಕು? ಕೆಲಸ ಕೊಡದಿದ್ದವರು ಮಾಲೀಕರು, ಉಪವಾಸ ಬಿದ್ದವರು ಕೆಲಸದವರು. ಒಬ್ಬಾಕೆ ಐದು ಮನೆಗಳಲ್ಲಿ ತಲಾ ಮುಕ್ಕಾಲು ಗಂಟೆ ದುಡಿದರೆ ವಾರದ ರಜೆಯನ್ನು ಐದೂ ಮನೆಯವರು ಬೇರೆ ಬೇರೆ ದಿನ ಕೊಟ್ಟರೆ ಅದು ರಜೆಯಾಗುತ್ತದೆಯೇ? ಕೆಲಸದ ನಡುವೆ ಜಾರಿಬಿದ್ದು ಕೈ ಮುರಿದರೆ ಆಸ್ಪತ್ರೆಯ ಖರ್ಚು ಯಾವ ಮನೆಯದು? ರಂಜಾನಿನಲ್ಲಿ ಬೆಳಿಗ್ಗೆ ತಡವಾಗಿ ಬರುತ್ತೇನೆಂದರೆ ಅದಕ್ಕೆ ಚೀಟಿಯಲ್ಲಿ ಜಾಗವೆಲ್ಲಿ? ಕಳವಿನ ಆರೋಪ ಬಂದಾಗ ಪೊಲೀಸರ ಮುಂದೆ ಆಕೆಯ ಪರ ನಿಲ್ಲುವವರು ಯಾರು? ಈ ಕೊನೆಯ ಪ್ರಶ್ನೆ ಬಂದದ್ದು ನಮ್ಮದೇ ಬಳಗದ ಒಂದು ಮನೆಯಿಂದ. ಕಾಣೆಯಾದ ಬಳೆ ವಾರದ ಮೇಲೆ ಬ್ಯಾಂಕ್ ಲಾಕರಿನಲ್ಲೇ ಸಿಕ್ಕಿತು. ಆ ಹೊತ್ತಿಗೆ ಆಕೆ ಎರಡು ದಿನ ಠಾಣೆಗೆ ಅಲೆದು, ಬೇರೆ ಮೂರು ಮನೆಗಳ ಕೆಲಸವನ್ನೂ ಕಳೆದುಕೊಂಡಿದ್ದರು. ಕ್ಷಮೆ ಕೇಳಲು ನಾವು ಮೂವರು ಆಕೆಯ ಮನೆಗೆ ಹೋದೆವು. ಆಕೆ ಚಹಾ ಮಾಡಿ ಕೊಟ್ಟರು, ಕೆಲಸಕ್ಕೆ ಮಾತ್ರ ಮರಳಲಿಲ್ಲ.

2023ರಲ್ಲಿ ಒಂದು ಅನುಕೂಲ ಒದಗಿತು. ಆ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಸಿಕ್ಕಿದ್ದರಿಂದ ಸಭೆಗೆ ಬರುವವರು ಬಸ್ ಚಾರ್ಜು ಲೆಕ್ಕ ಹಾಕುವುದು ನಿಂತಿತು. ಅಲ್ಲಿಯವರೆಗೆ ಹತ್ತು ಹನ್ನೆರಡು ಇದ್ದ ಸಂಖ್ಯೆ ಮೂರು ಪಟ್ಟಾಯಿತು. ಸಭೆಯ ಹೊತ್ತನ್ನು ಸಂಜೆ ಐದರಿಂದ ಮಧ್ಯಾಹ್ನ ಎರಡೂವರೆಗೆ ಬದಲಿಸಿದೆವು, ಏಕೆಂದರೆ ಬೆಳಗಿನ ಮನೆಗಳ ಕೆಲಸ ಮುಗಿದು ಸಂಜೆಯದು ಶುರುವಾಗುವ ನಡುವೆ ಅವರಿಗೆ ಸಿಗುವುದು ಅದೊಂದೇ ಬಿಡುವು. ಸ್ವಯಂಸೇವಕರ ಅನುಕೂಲಕ್ಕೆ ಸಭೆ ಇಟ್ಟು, ಕಾರ್ಮಿಕರು ಬರುವುದಿಲ್ಲವೆಂದು ಕೊರಗುವ ತಪ್ಪನ್ನು ಒಂದೂವರೆ ವರ್ಷ ಮಾಡಿದ್ದೆವು.

2025 ಈ ವಿಷಯದಲ್ಲಿ ಚುರುಕಾದ ವರ್ಷ. ಜನವರಿ 29ರಂದು ಸುಪ್ರೀಂ ಕೋರ್ಟ್, ಮನೆಗೆಲಸದವರ ರಕ್ಷಣೆಗೆ ಪ್ರತ್ಯೇಕ ಕಾನೂನು ರೂಪಿಸುವ ಬಗ್ಗೆ ಪರಿಶೀಲಿಸಲು ಸಮಿತಿ ರಚಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಇತ್ತ ನಮ್ಮ ರಾಜ್ಯ ಆಹಾರ, ಸರಕು ತಲುಪಿಸುವ ಗಿಗ್ ಕಾರ್ಮಿಕರಿಗಾಗಿ ಸಾಮಾಜಿಕ ಭದ್ರತೆಯ ಕಾನೂನು ತಂದದ್ದೂ ಅದೇ ವರ್ಷ. ಅದರ ಬೆನ್ನಿಗೇ ಕಾರ್ಮಿಕ ಇಲಾಖೆ ಗೃಹ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಮಸೂದೆಯ ಕರಡನ್ನು ಸಿದ್ಧಪಡಿಸಿತು. ಮಾಲೀಕರು, ಕಾರ್ಮಿಕರು, ಕೆಲಸಕ್ಕೆ ಜನ ಒದಗಿಸುವ ಏಜೆನ್ಸಿಗಳು ಎಲ್ಲರ ನೋಂದಣಿ, ಲಿಖಿತ ಒಪ್ಪಂದ, ಒಂದು ಮಂಡಳಿ, ಸಂಬಳದ ಶೇಕಡಾ 5ರವರೆಗೆ ಮಾಲೀಕರಿಂದ ಪಡೆಯುವ ಶುಲ್ಕದಿಂದ ಒಂದು ಕಲ್ಯಾಣ ನಿಧಿ, ಇವು ಅದರ ಮುಖ್ಯ ಅಂಶಗಳು. ಕಟ್ಟಡ ಕಾರ್ಮಿಕರ ಮಂಡಳಿಗೆ ಕಟ್ಟಡದ ವೆಚ್ಚದ ಶೇಕಡಾ 1ರ ಸೆಸ್ ಆಧಾರವಾಗಿರುವಂತೆ ಇಲ್ಲಿ ಈ ಶುಲ್ಕ. ಮಹಾರಾಷ್ಟ್ರ 2008ರಲ್ಲೇ ಮನೆಗೆಲಸದವರಿಗೆ ಕಲ್ಯಾಣ ಮಂಡಳಿಯ ಕಾಯ್ದೆ ಮಾಡಿತ್ತು. ಆದರೆ ಹಣದ ಖಚಿತ ಮೂಲವಿಲ್ಲದೆ ಮಂಡಳಿಯೊಂದೇ ಇದ್ದರೆ ಸಾಲದೆಂದು ಯೂನಿಯನ್ನಿನವರು ಪದೇ ಪದೇ ಹೇಳುತ್ತಿದ್ದರು.

ಲಿಖಿತ ಒಪ್ಪಂದ ಎಂಬ ಎರಡು ಪದಗಳನ್ನು ಕರಡಿನಲ್ಲಿ ಓದಿದಾಗ ನಮಗಾದ ಸಂತೋಷವನ್ನು ಮುಚ್ಚಿಡಲಾರೆ. ಅದು ನಮ್ಮಿಂದ ಬಂದದ್ದಲ್ಲ. ಯೂನಿಯನ್ನುಗಳು ವರ್ಷಗಟ್ಟಲೆ ಕೇಳಿದ್ದು. ಆದರೆ ಅದನ್ನು ನಡೆಸಿ ನೋಡಿದ ಮನೆಗಳ ಅನುಭವ ನಮ್ಮ ಕೈಯಲ್ಲಿತ್ತು. ಕರಡಿನ ಕಾನೂನಿನ ಭಾಷೆಯನ್ನು ಆಡುಮಾತಿಗೆ ಇಳಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ಅದನ್ನು ತಮಿಳಿನಲ್ಲಿ, ಉರ್ದುವಿನಲ್ಲಿ ಬಾಯಿಮಾತಾಗಿ ಹೇಳಲು ಬೇರೆಯವರು ಕೂತರು. ಮಧ್ಯಾಹ್ನ ಎರಡೂವರೆಯ ನಾಲ್ಕು ಸಭೆಗಳಲ್ಲಿ ಒಂದೊಂದೇ ಅಂಶವನ್ನು ಹೇಳಿ, ಹೆಂಗಸರು ಏನೆಂದರೋ ಅದನ್ನು ಹಾಗೆಯೇ ಬರೆದುಕೊಂಡೆವು.

ಅವರ ಮಾತುಗಳು ನಮ್ಮ ಊಹೆಗೆ ಹೊಂದುವಂತಿರಲಿಲ್ಲ. ತಪ್ಪು ಮಾಡಿದ ಮಾಲೀಕರಿಗೆ ಜೈಲು ಇರಬೇಕೆಂದು ಸ್ವಯಂಸೇವಕರಲ್ಲಿ ಹಲವರು ಹುರುಪಿನಿಂದ ಹೇಳಿದಾಗ ಕೆಲಸದ ಹೆಂಗಸರು ಒಪ್ಪಲಿಲ್ಲ. ‘ಜೈಲು ಅಂದರೆ ಯಾರೂ ಕೆಲಸಕ್ಕೇ ಇಟ್ಟುಕೊಳ್ಳುವುದಿಲ್ಲ ಟೀಚರಮ್ಮ. ನಮಗೆ ಬಾಕಿ ಸಂಬಳ ಬೇಗ ಕೊಡಿಸುವವರು ಬೇಕು, ಅಷ್ಟೇ’ ಎಂದರು. ಹೊಡೆತ, ಲೈಂಗಿಕ ದೌರ್ಜನ್ಯ, ಕೂಡಿಹಾಕುವುದು ಇಂಥವಕ್ಕೆ ಮಾತ್ರ ಕಠಿಣ ಶಿಕ್ಷೆಯೇ ಇರಲಿ, ಸಂಬಳದ ಜಗಳಕ್ಕೆ ವಾರ್ಡಿನ ಮಟ್ಟದಲ್ಲಿ ಒಂದು ಸಮಿತಿ ಸಾಕು ಎಂಬುದು ಅವರ ಅಭಿಪ್ರಾಯ. ಮಾಲೀಕರು ನೋಂದಾಯಿಸದಿದ್ದರೂ ತಾವೇ ನೇರವಾಗಿ ನೋಂದಾಯಿಸಿಕೊಳ್ಳುವಂತಿರಬೇಕು, ಐದು ಮನೆಗಳ ಶುಲ್ಕವೂ ಒಂದೇ ಖಾತೆಗೆ ಬೀಳಬೇಕು, ಅರವತ್ತು ದಾಟಿದವರನ್ನು ಹೊರಗಿಡಬಾರದು, ಬೆರಳಚ್ಚು ಹೊಂದದವರಿಗೆ ಬೇರೆ ದಾರಿ ಇರಬೇಕು, ಮಂಡಳಿಯಲ್ಲಿ ಕೂರುವ ಕಾರ್ಮಿಕ ಪ್ರತಿನಿಧಿ ನಿಜವಾಗಿಯೂ ಮನೆಗೆಲಸ ಮಾಡುವವಳೇ ಆಗಿರಬೇಕು. ಕೊನೆಯ ಮಾತನ್ನು ಹೇಳಿದವರು ಆ ಅರವತ್ತನಾಲ್ಕರ ಅಜ್ಜಿ. ಅಷ್ಟರಲ್ಲಿ ಅವರಿಗೆ ಅರವತ್ತೆಂಟಾಗಿತ್ತು, ಮೂರು ಮನೆಗಳಲ್ಲಿ ಎರಡನ್ನು ಬಿಟ್ಟಿದ್ದರು.

ಸಲಹೆಗಳ ಪತ್ರ ಹದಿನಾಲ್ಕು ಪುಟವಾಯಿತು. ಸಹಿ ಹಾಕುವ ಕ್ರಮದ ಬಗ್ಗೆ ಒಂದು ಇಡೀ ಸಂಜೆ ಚರ್ಚೆ ನಡೆಯಿತು. ಧರ್ಮಗುರುಗಳ ಹೆಸರು ಮೊದಲಿದ್ದರೆ ಪತ್ರಕ್ಕೆ ತೂಕ ಬರುತ್ತದೆಂದು ಕೆಲವರ ವಾದ. ಪಕ್ಕದಲ್ಲಿ ನಿಲ್ಲಿ ಎಂದಿದ್ದ ಯೂನಿಯನ್ನಿನ ಹಿರಿಯ ಕಾರ್ಯಕರ್ತೆಯ ಮಾತನ್ನು ಸಿಸ್ಟರ್ ನೆನಪಿಸಿದರು. ಕಾರ್ಮಿಕರ ಸಹಿ, ಹೆಬ್ಬೆಟ್ಟು ಮೊದಲು, ಚೀಟಿ ನಡೆಸಿದ ಮಾಲೀಕರ ಸಹಿ ಆಮೇಲೆ, ಗುರುಗಳದು ಕೊನೆಗೆ ಎಂದು ತೀರ್ಮಾನವಾಯಿತು. ಮೌಲಾನಾ ಸಹಿ ಹಾಕುವಾಗ ಹಿಂದಿನ ಪುಟಗಳನ್ನೆಲ್ಲ ತಿರುವಿ ಹೆಬ್ಬೆಟ್ಟುಗಳನ್ನು ಬಹಳ ಹೊತ್ತು ನೋಡಿದರು.

ಮೊದಲು ಒಬ್ಬ ಶಾಸಕರನ್ನು ಕಂಡೆವು. ಅವರು ಸೌಜನ್ಯದಿಂದಲೇ ಕೂರಿಸಿ, ‘ನಿಮ್ಮ ಬಡಾವಣೆಯವರು ಇದಕ್ಕೆ ವಿರೋಧವಾಗಿದ್ದಾರಲ್ಲ ಮೇಡಂ, ಮನೆಯೊಳಗೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ದೂರು ಹೇಳುತ್ತಿದ್ದಾರೆ’ ಎಂದರು. ಚೀಟಿ ನಡೆಸಿದ ಮಾಲೀಕರು ಕೆಲಸಕ್ಕೆ ಬಂದದ್ದು ಅಲ್ಲಿಯೇ. ನಾನು ನನ್ನ ಮನೆಯ ಚೀಟಿಯನ್ನು ಅವರ ಮೇಜಿನ ಮೇಲಿಟ್ಟು, ಎರಡೂವರೆ ವರ್ಷದಲ್ಲಿ ಯಾವ ಇನ್‌ಸ್ಪೆಕ್ಟರೂ ಬೇಕಾಗಲಿಲ್ಲವೆಂದು, ಸಂಬಳದ ಜೊತೆ ಶೇಕಡಾ 5ನ್ನು ನಾವೇ ಪ್ರತ್ಯೇಕವಾಗಿ ಕೆಲಸದವರ ಅಂಚೆ ಖಾತೆಗೆ ಹಾಕಿದ್ದರಿಂದ ಯಾವ ಮನೆಯೂ ಮುಳುಗಲಿಲ್ಲವೆಂದು ಹೇಳಿದೆ. ಅವರು ಚೀಟಿಯನ್ನು ಎರಡು ಸಲ ಓದಿದರು. ಸದನದಲ್ಲಿ ಮಾತನಾಡುತ್ತೇನೆಂದು ಹೇಳಲಿಲ್ಲ. ಪ್ರತಿಯೊಂದನ್ನು ಇಟ್ಟುಕೊಳ್ಳಬಹುದೇ ಎಂದು ಕೇಳಿದರು.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ನಾವು ಹೋದದ್ದು ಒಂದು ಬುಧವಾರ, ಮೂವತ್ತು ಜನ, ಎರಡು ಬಸ್ಸು ಬದಲಿಸಿ. ಹೆಚ್ಚಿನವರು ಬೆಳಗಿನ ಎರಡು ಮನೆಗಳ ಕೆಲಸ ಮುಗಿಸಿಯೇ ಬಂದಿದ್ದರು. ಪತ್ರ ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಒತ್ತಿಸಿಕೊಂಡೆವು. ಇಡೀ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮುದ್ರೆಯ ಮೇಲಿನ ದಿನಾಂಕ ಮತ್ತು ಸಂಖ್ಯೆಯನ್ನು ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿದಳು. ಅದನ್ನು ಎಲ್ಲರೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಮಸೂದೆ ಸದನದಲ್ಲಿ ಅಂಗೀಕಾರವಾಗಿ ನಿಯಮಗಳು ಜಾರಿಯಾಗುವವರೆಗಿನ ದಾರಿ ಉದ್ದವೆಂದು ಎಲ್ಲರಿಗೂ ತಿಳಿದಿತ್ತು, ಆದರೂ ಹಿಂದಿರುಗುವ ಬಸ್ಸಿನಲ್ಲಿ ಅವರ ಮಾತುಕತೆ ನಾನು ಅಲ್ಲಿಯವರೆಗೆ ಕೇಳದ ಧಾಟಿಯಲ್ಲಿತ್ತು: ಯಾವ ಅಂಶ ಬಿಟ್ಟುಹೋಯಿತು, ಮುಂದಿನ ಸಲ ಏನು ಸೇರಿಸಬೇಕು ಎಂದು.

ನನ್ನ ಮನೆಯ ಚೀಟಿಯನ್ನು ಕಳೆದ ಯುಗಾದಿಯ ಮಾರನೆಯ ದಿನ ಮತ್ತೆ ಬರೆದೆವು. ಈ ಸಲ ನಮ್ಮ ಕೆಲಸದಾಕೆಯ ಮಗನೇ ಓದಿ ಹೇಳಿದ; ಅವನ ಕಾಲೇಜು ಮುಗಿದಿದೆ. ಸಂಬಳದ ಸಾಲು, ರಜೆಯ ಸಾಲು ದಾಟಿದ ಮೇಲೆ ಅವರು ತಡೆದು, ತಾವು ಕೆಲಸ ಬಿಡುವುದಿದ್ದರೂ ಒಂದು ತಿಂಗಳು ಮುಂಚೆ ಹೇಳುವುದಾಗಿ ಬರೆಯಬೇಕೆಂದರು. ಅದು ಬೇಡ, ನಿಮಗೇ ಕಷ್ಟವಾಗುತ್ತದೆ ಎಂದು ನಾನು ಹೇಳಿದೆ. ‘ನೀವು ಹೇಳಬೇಕು ಅಂತ ಇದೆಯಲ್ಲಮ್ಮ, ನಾನೂ ಹೇಳಬೇಕು’ ಎಂದರು. ಬರೆದೆ. ಸಹಿ ಹಾಕಿ, ತಮ್ಮ ಪ್ರತಿಯನ್ನು ನಾಲ್ಕಾಗಿ ಮಡಚಿ, ರೇಷನ್ ಕಾರ್ಡು ಇಡುವ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿಕೊಂಡು, ಮುಂದಿನ ಮನೆಗೆ ಹೊತ್ತಾಯಿತೆಂದು ಹೊರಟರು.